ಕಲ್ಲಿನ ಗದ್ಯ, ಗಣೆಯ ಪದ

ಛಂದಸ್ಸಿದ್ದರೆ ಪದ್ಯ, ಇಲ್ಲದಿದ್ದರೆ ಗದ್ಯ: ತರಗತಿಯಲ್ಲಿ ನಾವು ಹೇಳಿಕೊಡುವ ಭೇದ ಇಷ್ಟೆ. ಆದರೆ ಪದ್ಯವೆಲ್ಲವೂ ಕವಿತೆಯೆ? ತುಮಕೂರಿಗೆ ಉತ್ತರದಲ್ಲಿರುವ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಸಾಕ್ಷ್ಯಗಳುಂಟು.

ಮೊದಲನೆಯದು ಕಲ್ಲಿನದು. ಈ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1904ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕಾ'ದ 12ನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ನಿಡುಗಲ್ಲಿನ ದುರ್ಗದಿಂದ ಆಳಿದ ಚೋಳವಂಶದ ಅರಸರ ಕಾಲದ ಲೇಖಗಳೂ ಅದರಲ್ಲಿವೆ. ಅಂದಿನ ದೊಡ್ಡ ದಾನಶಾಸನಗಳಲ್ಲಿ ಗದ್ಯಪದ್ಯಗಳಿಗೆ ಕೆಲಸವನ್ನು ಹಂಚುತ್ತಿದ್ದ ರೀತಿಯನ್ನು ನೋಡಬೇಕು. ಅರಸನ ಹೊಗಳಿಕೆ ಕಂದದಲ್ಲಿ, ವೃತ್ತದಲ್ಲಿ. ಕೊಟ್ಟ ಭೂಮಿಯ ಅಳತೆ, ಎಲ್ಲೆ, ಬಿಟ್ಟ ಸುಂಕ, ಇವೆಲ್ಲ ಗದ್ಯದಲ್ಲಿ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುವನೆಂಬ ಕೊನೆಯ ಶಾಪ ಮತ್ತೆ ಶ್ಲೋಕದಲ್ಲಿ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎಲ್ಲೆಯ ಮಾತನ್ನು ಪ್ರಾಸಕ್ಕಾಗಿ ಅತ್ತಿತ್ತ ಸರಿಸಿದರೆ ಹೊಲವೇ ಸರಿದೀತು! ಶಾಪವಾದರೋ ಬಾಯಿಂದ ಬಾಯಿಗೆ ಕೆಡದೆ ಸಾಗಬೇಕು.

ಆದರೆ ಆ ಹೊಗಳಿಕೆಯನ್ನು ಓದಿದರೆ ಏನು ಕಾಣುತ್ತದೆ? ವೈರಿಗಳೆಂಬ ಆನೆಗಳಿಗೆ ಸಿಂಹ, ದಾನದಲ್ಲಿ ಕರ್ಣ, ರೂಪಿನಲ್ಲಿ ಮನ್ಮಥ. ಹೆಸರೊಂದನ್ನು ಬದಲಿಸಿದರೆ ನೆರೆಯ ಅರಸನಿಗೂ ಸಲ್ಲುತ್ತದೆ. ಎಲ್ಲೆಯ ಗದ್ಯದಲ್ಲಿಯಾದರೆ ಕೆರೆಯ ಕೋಡಿ, ಹುಣಿಸೆಯ ಮರ, ನಟ್ಟ ಕಲ್ಲು ಕಣ್ಣಿಗೆ ಕಟ್ಟುತ್ತವೆ. ಅದು ಆ ಒಂದು ಹೊಲಕ್ಕಲ್ಲದೆ ಬೇರೊಂದಕ್ಕೆ ಸಲ್ಲದು. ನನಗಂತೂ ಛಂದಸ್ಸು ಒಂದು ಕಡೆ, ಕವಿಯ ಕಣ್ಣು ಇನ್ನೊಂದು ಕಡೆ ಉಳಿದಂತೆ ತೋರುತ್ತದೆ.

ಇನ್ನೊಂದು ಸಾಕ್ಷ್ಯ ಜೀವಂತವಾದುದು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯಿದೆ. ದನಗಾಹಿ ವೀರನಾದ ಈ ಜುಂಜಪ್ಪನ ಕಥೆಯನ್ನು ಕಾಡುಗೊಲ್ಲರು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುತ್ತಾರೆ. ಅದು ಕಂದವೂ ಅಲ್ಲ, ವೃತ್ತವೂ ಅಲ್ಲ. ಧಾಟಿಯನ್ನು ಬಿಟ್ಟು ಸಾಲುಗಳನ್ನು ಕೂಡಿಸಿ ಬರೆದರೆ ಎಷ್ಟೋ ಕಡೆ ಬರಿಯ ಮಾತಿನಂತೆ ಕಂಡೀತು. ಹಾಗೆಂದು ಗದ್ಯವೆನ್ನಲಾದೀತೆ? ಅದರ ಲಯವೆಲ್ಲ ಹಾಡುವವನ ಉಸಿರಿನಲ್ಲಿದೆ. ಗಣಗಳನ್ನು ಎಣಿಸುವ ನಮ್ಮ ಬೆರಳಿಗೆ ಸಿಕ್ಕುವುದಿಲ್ಲ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಗದ್ಯಕಾರರನ್ನೂ ಪದ್ಯಕಾರರನ್ನೂ ಬೇರೆ ಬೇರೆಯಾಗಿ ಹೆಸರಿಸಿದರೂ ಇಬ್ಬರಿಗೂ ಕಾವ್ಯದೊಳಗೇ ಎಡೆಕೊಟ್ಟಿತು. ಓದು ಕಲಿಯದ ಕನ್ನಡಿಗರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಒಪ್ಪಿತು. ಆಮೇಲೆ ಬಂದ ನಾವು, ಪದವೀಧರರು, ಶಾಸನದ ಕಂದವನ್ನು ರಚಿಸಿದ ಅಜ್ಞಾತನನ್ನು ಕವಿಯೆಂದು ಕರೆದೆವು; ಗಣೆಯವನನ್ನು 'ಜಾನಪದ'ವೆಂಬ ಬೇರೆ ಅಧ್ಯಾಯಕ್ಕೆ ಕಳುಹಿಸಿದೆವು. ಎಲ್ಲೆಯನ್ನು ಬರೆದ ಸೇನಬೋವನಿಗಂತೂ ಯಾವ ಅಧ್ಯಾಯವೂ ದೊರೆಯಲಿಲ್ಲ.