ಆಧಾರ್ ಫೋಟೋ ಮೇಲೆ ಕಪ್ಪು ಗೆರೆ ಎಳೆದರೆ ನಂಬರ್ ನಿಜಕ್ಕೂ ಮರೆಯಾಗುತ್ತದೆಯೇ?

'ಆಧಾರ್ ಕಾರ್ಡಿನ ಫೋಟೋ ಕಳಿಸುವ ಮೊದಲು ನಂಬರ್ ಮೇಲೆ ಕಪ್ಪು ಗೆರೆ ಎಳೆಯಿರಿ, ಆಮೇಲೆ ಯಾರಿಂದಲೂ ಓದಲು ಆಗುವುದಿಲ್ಲ' ಎಂಬ ಸಲಹೆಯನ್ನು ವಾಟ್ಸ್ಆ್ಯಪ್‌ನಲ್ಲಿ ನೀವೂ ನೋಡಿರಬಹುದು. ಇದು ನಿಜವೇ?

ಅರ್ಧ ಮಾತ್ರ ನಿಜ. ಗೆರೆಯನ್ನು ಯಾವುದರಿಂದ ಎಳೆದಿರಿ, ಫೈಲನ್ನು ಹೇಗೆ ಕಳಿಸಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ನಮಗೇಕೆ ಈ ಚಿಂತೆ?

2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಬ್ಯಾಂಕ್ ಖಾತೆಯಿಂದ ಒಟಿಪಿ ಕೂಡ ಬಾರದೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚು ಬಳಸಿ ಎಇಪಿಎಸ್ ಮೂಲಕ ಹಣ ತೆಗೆದ ಆರೋಪದಲ್ಲಿ ನಗರ ಪೊಲೀಸರು ಅಕ್ಟೋಬರ್‌ನಲ್ಲಿ ಬಿಹಾರದ ಮೂವರನ್ನು ಬಂಧಿಸಿದರು. ಬರೀ ಆಧಾರ್ ಸಂಖ್ಯೆಯಿಂದ ಹಣ ತೆಗೆಯಲಾಗದು. ಆದರೆ ಬೆರಳಚ್ಚೂ ಸಿಕ್ಕರೆ ಕಳ್ಳರ ಕೆಲಸ ಸುಲಭ.

ಮುಚ್ಚಿದ್ದು ಮತ್ತೆ ಕಾಣುವುದು ಹೇಗೆ?

1. ಹೈಲೈಟರ್: ಇದು ಅರೆಪಾರದರ್ಶಕ. ನಾಲ್ಕೈದು ಸಲ ಎಳೆದರೆ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಆದರೆ ಅಂಕಿ ಇರುವ ಜಾಗಕ್ಕೂ ಖಾಲಿ ಜಾಗಕ್ಕೂ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಉಳಿದಿರುತ್ತದೆ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಏರಿಸಿದರೆ ಅಂಕಿ ಎದ್ದು ಬರಬಹುದು.

2. ಬ್ಲರ್: ಒಂದು ಜಾಗದಲ್ಲಿ ಇರಬಹುದಾದದ್ದು 0ಯಿಂದ 9ರವರೆಗಿನ ಹತ್ತೇ ಅಂಕಿ. ಪ್ರತಿಯೊಂದನ್ನೂ ಅದೇ ರೀತಿ ಮಸುಕು ಮಾಡಿ ಹೋಲಿಸಿ ನೋಡಿದರೆ ಸರಿಯಾದದ್ದನ್ನು ಊಹಿಸಬಹುದು.

3. ಲೇಯರ್ ಮಾಸ್ಕ್: ಫೋಟೋಶಾಪ್, ಗಿಂಪ್‌ಗಳಲ್ಲಿ ಮಾಸ್ಕ್ ಚಿತ್ರದ ಭಾಗವನ್ನು ಅಳಿಸುವುದಿಲ್ಲ, ಮರೆ ಮಾಡುತ್ತದೆ ಅಷ್ಟೇ. ಪಿಎಸ್‌ಡಿ, ಎಕ್ಸ್‌ಸಿಎಫ್ ಫೈಲನ್ನೇ ಕಳಿಸಿದರೆ ಪಡೆದವರು ಮಾಸ್ಕ್ ತೆಗೆದು ಎಲ್ಲವನ್ನೂ ನೋಡಬಹುದು.

4. ಪಿಡಿಎಫ್: ಅಕ್ಷರಗಳ ಮೇಲೆ ಕಪ್ಪು ಚೌಕ ಇಟ್ಟರೂ ಕೆಳಗಿನ ಅಕ್ಷರ ಹಾಗೇ ಇರಬಹುದು. ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಹೊರಬರುತ್ತದೆ.

5. ಕ್ರಾಪ್: ಗೂಗಲ್ ಪಿಕ್ಸೆಲ್ ಫೋನುಗಳ ಎಡಿಟರ್‌ನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ನ ಹಳೆಯ ಮಾಹಿತಿ ಫೈಲಿನಲ್ಲೇ ಉಳಿಯುತ್ತಿದ್ದ ದೋಷ 2023ರಲ್ಲಿ ಬಯಲಾಯಿತು. 'ಅಕ್ರೊಪಲಿಪ್ಸ್' ಎಂದು ಹೆಸರಾದ ಈ ದೋಷವನ್ನು ಆ ವರ್ಷದ ಮಾರ್ಚ್ ಅಪ್‌ಡೇಟ್‌ನಲ್ಲಿ ಸರಿಪಡಿಸಲಾಯಿತು. ಅದಕ್ಕೂ ಮೊದಲು ಕಳಿಸಿದ ಚಿತ್ರಗಳಿಗೆ ಅಪ್‌ಡೇಟ್‌ನಿಂದ ಪ್ರಯೋಜನವಿಲ್ಲ.

ಸರಿಯಾದ ಕ್ರಮ ಯಾವುದು?

• ಹೈಲೈಟರ್ ಬೇಡ. ಒಳಗೆ ಪೂರ್ತಿ ಬಣ್ಣ ತುಂಬಿದ ಚೌಕದಿಂದ ಮುಚ್ಚಿ.
• ಕ್ಯೂಆರ್ ಕೋಡನ್ನೂ ಮುಚ್ಚಿ. ನಂಬರ್ ಮುಚ್ಚಿದರೂ ಹೆಸರು, ವಿಳಾಸ ಅದರೊಳಗಿವೆ.
• ಮುಚ್ಚಿದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಹೈಲೈಟರ್ ಬಳಸಿದ್ದರೆ ಸ್ಕ್ರೀನ್‌ಶಾಟ್‌ನಿಂದಲೂ ರಕ್ಷಣೆ ಇಲ್ಲ, ನೆನಪಿರಲಿ.
• ಎಲ್ಲಕ್ಕಿಂತ ಸುಲಭ: ಯುಐಡಿಎಐನ ಮೈಆಧಾರ್ ಜಾಲತಾಣದಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ. ಅದರಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ.
• ಬೆರಳಚ್ಚಿನ ದುರ್ಬಳಕೆ ತಡೆಯಲು ಅಲ್ಲೇ ಬಯೋಮೆಟ್ರಿಕ್ ಲಾಕ್ ಮಾಡಿ.

ಮಾಸ್ಕ್ಡ್ ಆಧಾರ್ ಬಳಸಿ ಎಂದು ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಪ್ರಕಟಣೆ ನೀಡಿತ್ತು. ತಪ್ಪು ಅರ್ಥಕ್ಕೆ ಎಡೆಯಾಗಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ಪ್ರಕಟಣೆಯನ್ನು ಮಾತ್ರ. ಮಾಸ್ಕ್ಡ್ ಆಧಾರ್ ಸೌಲಭ್ಯ ಈಗಲೂ ಇದೆ.

ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.