ಅಳಿಸಿದ ಹೆಸರು, ಅಳಿಯದ ಪದಕ

1968ರ ಮೆಕ್ಸಿಕೊ ಒಲಿಂಪಿಕ್ಸ್. ಸೇಬರ್ ಕತ್ತಿವರಸೆಯ ಕೊನೆಯ ಸುತ್ತಿನಲ್ಲಿ ಇಬ್ಬರು ಸಮಸಮ ನಿಂತರು. ಒಬ್ಬ ಸೋವಿಯತ್ ಒಕ್ಕೂಟದ ಮಾರ್ಕ್ ರಾಕಿತಾ, ಇನ್ನೊಬ್ಬ ಪೋಲೆಂಡಿನ ಸೇನಾಧಿಕಾರಿ ಯೆರ್ಜಿ ಪಾವ್ಲೋವ್ಸ್ಕಿ. ಚಿನ್ನ ಯಾರದೆಂದು ತೀರ್ಮಾನಿಸಲು ಅವರನ್ನು ಮತ್ತೊಮ್ಮೆ ಎದುರುಬದುರು ನಿಲ್ಲಿಸಲಾಯಿತು. ಐದು ಪೆಟ್ಟಿನ ಆಟ. 5–4ರಿಂದ ಪಾವ್ಲೋವ್ಸ್ಕಿ ಗೆದ್ದ.

ಆ ಒಂದು ಪೆಟ್ಟಿನ ಬೆಲೆ ತಿಳಿಯಬೇಕಾದರೆ ಹಿಂದಿನ ಲೆಕ್ಕ ನೋಡಬೇಕು. 1924ರಿಂದ 1964ರವರೆಗೆ ನಡೆದ ಪ್ರತಿ ಒಲಿಂಪಿಕ್ಸ್‌ನಲ್ಲೂ ಸೇಬರ್‌ನ ವೈಯಕ್ತಿಕ ಚಿನ್ನ ಹಂಗೇರಿಯವರ ಪಾಲಾಗಿತ್ತು. 1956ರ ಮೆಲ್ಬರ್ನ್‌ನಲ್ಲಿ ಪಾವ್ಲೋವ್ಸ್ಕಿಯೇ ಹಂಗೇರಿಯ ರುಡಾಲ್ಫ್ ಕಾರ್ಪಾಟಿಯ ಹಿಂದೆ ಉಳಿದು ಬೆಳ್ಳಿಗೆ ತೃಪ್ತಿಪಟ್ಟಿದ್ದ. ಸ್ವಾರಸ್ಯವೆಂದರೆ, ಯುದ್ಧದ ನಂತರ ಪೋಲೆಂಡಿನ ಹುಡುಗರನ್ನು ಸೇಬರ್‌ನಲ್ಲಿ ಪಳಗಿಸಿದ ಗುರು ಯಾನೋಷ್ ಕೆವೆಯ್ ಕೂಡ ಹಂಗೇರಿಯವನೇ.

ಪೋಲರಿಗೆ ಈ ಕತ್ತಿ ಬರೀ ಆಟದ ಸಾಮಾನಲ್ಲ. ಹಂಗೇರಿಯನ್ನರು, ತುರ್ಕರು, ತಾತಾರರ ಜೊತೆಗಿನ ಶತಮಾನಗಳ ಯುದ್ಧ ಮತ್ತು ವ್ಯಾಪಾರದ ಮೂಲಕ ಬಾಗಿದ ಕತ್ತಿ ಆ ನಾಡಿಗೆ ಬಂತು. ಮುಂದೆ ಅದೇ ಪೋಲಿಷ್ ಶ್ರೀಮಂತನ ಸೊಂಟದ ಗುರುತಾಯಿತು. ಶತ್ರುವಿನ ಆಯುಧ ಸ್ವಂತ ಮಾನದ ಕುರುಹಾಗುವುದು ಚರಿತ್ರೆಯಲ್ಲಿ ಹೊಸದೇನಲ್ಲ.

1932ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಪಾವ್ಲೋವ್ಸ್ಕಿಗೆ ಏಳು ತುಂಬುವ ಮೊದಲೇ ಜರ್ಮನ್ ಸೇನೆ ನುಗ್ಗಿತು. ಯುದ್ಧ ಮುಗಿಯುವ ಹೊತ್ತಿಗೆ ಅವನ ಊರು ಬೂದಿಯಾಗಿತ್ತು. ಅಂಥ ಊರಿನ ಹುಡುಗ 1952ರಿಂದ 1972ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ. ಒಂದು ಚಿನ್ನ, ಮೂರು ಬೆಳ್ಳಿ, ಒಂದು ಕಂಚು ತಂದ. 1957, 1965 ಮತ್ತು 1966ರಲ್ಲಿ ವಿಶ್ವ ಚಾಂಪಿಯನ್ ಆದ. ಆಗಿನ್ನೂ ಸೇಬರ್‌ಗೆ ವಿದ್ಯುತ್ ಯಂತ್ರ ಬಂದಿರಲಿಲ್ಲ. ಪೆಟ್ಟು ತಗುಲಿತೋ ಇಲ್ಲವೋ ಎಂಬುದನ್ನು ಸುತ್ತ ನಿಂತ ನಾಲ್ವರು ತೀರ್ಪುಗಾರರು ಮತ್ತು ಒಬ್ಬ ಅಧ್ಯಕ್ಷ ಕಣ್ಣಿನಿಂದಲೇ ನೋಡಿ ಹೇಳಬೇಕಿತ್ತು.

ಆದರೆ ಆ ಐದು ಜೊತೆ ಕಣ್ಣುಗಳಿಗೆ ಕಾಣದ ಇನ್ನೊಂದು ಆಟವೂ ನಡೆದಿತ್ತು. ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಸಾಮಾನ್ಯನಿಗೆ ಪಾಸ್‌ಪೋರ್ಟ್ ಸಿಗುವುದೇ ದುರ್ಲಭವಾಗಿದ್ದಾಗ ಈ ಆಟಗಾರ ಜಗತ್ತು ಸುತ್ತುತ್ತಿದ್ದ. ತನ್ನ ದೇಶದ ಗುಪ್ತಚರರಿಗೆ ವರದಿ ಒಪ್ಪಿಸುತ್ತಿದ್ದವನು 1964ರಿಂದ ಅಮೆರಿಕದ ಸಿಐಎಗೂ ಕೆಲಸ ಮಾಡತೊಡಗಿದ. ಮೆಕ್ಸಿಕೊದ ಚಿನ್ನವನ್ನು ಕೊರಳಿಗೆ ಹಾಕಿಕೊಂಡಾಗ ಅವನು ನಾಲ್ಕು ವರ್ಷದ ಹಳೆಯ ಗೂಢಚಾರ!

1975ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಮರುವರ್ಷ ಸೇನಾ ನ್ಯಾಯಾಲಯ 25 ವರ್ಷಗಳ ಸೆರೆವಾಸ ವಿಧಿಸಿತು. ಉಂಡ ಮನೆಗೆ ಎರಡು ಬಗೆದವನೆಂದು ನಾವನ್ನುತ್ತೇವೆ, ಉರ್ದುವಿನಲ್ಲಾದರೆ ನಮಕ್‌ಹರಾಮ್. ಸರಕಾರ ಶಿಕ್ಷೆ ಕೊಟ್ಟು ಸುಮ್ಮನಾಗಲಿಲ್ಲ. ಪೋಲೆಂಡಿನ ಕ್ರೀಡಾ ದಾಖಲೆಗಳಿಂದ ಅವನ ಹೆಸರನ್ನೇ ತೆಗೆದುಹಾಕಿತು. ಆದರೆ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಅವನ ಚಿನ್ನ ಹಾಗೆಯೇ ಉಳಿಯಿತು. ಒಂದೇ ಪದಕ ಹೊರಗೆ ಇತ್ತು, ಮನೆಯಲ್ಲಿ ಇರಲಿಲ್ಲ.

ಹತ್ತು ವರ್ಷ ಕಳೆದವು. 1985ರ ಜೂನ್ 11ರಂದು ಪೋಟ್ಸ್‌ಡಾಮ್ ಮತ್ತು ಪಶ್ಚಿಮ ಬರ್ಲಿನ್ ನಡುವಿನ ಗ್ಲಿನಿಕೆ ಸೇತುವೆಯ ಮೇಲೆ ಗೂಢಚಾರರ ವಿನಿಮಯ ನಡೆಯಿತು. ಅಮೆರಿಕ ಬಿಟ್ಟುಕೊಟ್ಟ ನಾಲ್ವರಿಗೆ ಬದಲಾಗಿ ಪೂರ್ವದ ಜೈಲುಗಳಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಆಚೆ ದಾಟಿದರು. ಪಾವ್ಲೋವ್ಸ್ಕಿಗೂ ಆ ಅವಕಾಶವಿತ್ತು. ಅವನು ದಾಟಲಿಲ್ಲ. ದೇಶದ್ರೋಹಿ ಎಂದು ಮುದ್ರೆ ಒತ್ತಿದ ದೇಶಕ್ಕೇ ಮರಳಿದ.

ಇಲ್ಲಿ ನನ್ನ ತಕ್ಕಡಿ ಅಲುಗಾಡುತ್ತದೆ. ದೇಶವನ್ನು ಮಾರಿದವನು ದೇಶವನ್ನು ಬಿಡಲಾರದೆ ಹೋದದ್ದನ್ನು ಯಾವ ತಟ್ಟೆಯಲ್ಲಿಡಬೇಕು? ಕಾಲ ಬದಲಾದ ಮೇಲೂ ಪ್ರಶ್ನೆ ಸುಲಭವಾಗಲಿಲ್ಲ. ಅಮೆರಿಕಕ್ಕೆ ಸೇನಾ ರಹಸ್ಯ ಒದಗಿಸಿ 1981ರಲ್ಲಿ ಓಡಿಹೋದ ಕರ್ನಲ್ ರಿಷಾರ್ಡ್ ಕುಕ್ಲಿನ್‌ಸ್ಕಿಗೆ 1984ರಲ್ಲಿ ಮರಣದಂಡನೆ ವಿಧಿಸಿದ್ದ ದೇಶವೇ 1997ರಲ್ಲಿ ಆರೋಪಗಳನ್ನು ಕೈಬಿಟ್ಟಿತು. ಅನೇಕರಿಗೆ ಆತ ವೀರನಾದ. ಪಾವ್ಲೋವ್ಸ್ಕಿಗೆ ಅಂಥ ಮೆರವಣಿಗೆ ಒದಗಲಿಲ್ಲ. ಎರಡೂ ಕಡೆಗೆ ಮಾತು ಕೊಟ್ಟವನನ್ನು ಯಾವ ಕಡೆಯವರೂ ಹೆಗಲ ಮೇಲೆ ಹೊರುವುದಿಲ್ಲ.

ಉಳಿದ ದಿನಗಳಲ್ಲಿ ಆತ ಚಿತ್ರ ಬರೆದ, ರೋಗಿಗಳಿಗೆ ನಾಟಿ ರೀತಿಯ ಚಿಕಿತ್ಸೆ ಕೊಟ್ಟ. 1994ರಲ್ಲಿ ಬಂದ ಆತ್ಮಕಥೆಗೆ ‘ಅತಿ ದೀರ್ಘ ದ್ವಂದ್ವ’ ಎಂಬರ್ಥದ ಹೆಸರಿಟ್ಟ. 2005ರ ಜನವರಿಯಲ್ಲಿ ವಾರ್ಸಾದಲ್ಲೇ ತೀರಿಕೊಂಡ.

ಅವನ ದ್ರೋಹವನ್ನು ಚಿನ್ನದ ಪದಕದಿಂದ ಮುಚ್ಚಬೇಕಿಲ್ಲ. ಹಾಗೆಯೇ ಪದಕವನ್ನು ದ್ರೋಹದಿಂದ ಅಳಿಸಲೂ ಬೇಕಿಲ್ಲ. ತಪ್ಪು ಮಾಡಿದವನನ್ನು ಶಿಕ್ಷಿಸುವುದು ನ್ಯಾಯಾಲಯದ ಕೆಲಸ, ನಡೆದದ್ದನ್ನು ನಡೆದಂತೆ ಇಟ್ಟುಕೊಳ್ಳುವುದು ಚರಿತ್ರೆಯ ಕೆಲಸ. ಒಬ್ಬನ ಮೇಲಿನ ಸಿಟ್ಟಿಗೆ ಪುಟ ಹರಿಯುವ ಸರಕಾರ ಅವನೊಬ್ಬನನ್ನೇ ಕಳೆದುಕೊಳ್ಳುವುದಿಲ್ಲ. ಆ ದಿನ ರೇಡಿಯೊದ ಮುಂದೆ ಕೂತು ಸಂಭ್ರಮಿಸಿದ ತನ್ನ ಜನರ ನೆನಪನ್ನೂ ಹರಿದುಹಾಕುತ್ತದೆ.