ಗುಂಟೆಯ ಸೀಮೆ, ಸೆಂಟ್ಸಿನ ಸೀಮೆ

ಭಟ್ಕಳದಲ್ಲಿ ಜಮೀನಿನ ಮಾತು ಬಂದರೆ ಗುಂಟೆಯ ಲೆಕ್ಕ. ಅಲ್ಲಿಂದ ದಕ್ಷಿಣಕ್ಕೆ, ಶಿರೂರು ದಾಟಿ ಬೈಂದೂರಿಗೆ ಬಂದರೆ ಅದೇ ಮಣ್ಣು, ಅದೇ ತೆಂಗು. ಲೆಕ್ಕ ಮಾತ್ರ ಸೆಂಟ್ಸು. ಕೆನರಾ ಜಿಲ್ಲೆಯನ್ನು ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ, ದಕ್ಷಿಣವನ್ನು ಮದ್ರಾಸಿನಲ್ಲೇ ಉಳಿಸಿದ್ದರ ಗುರುತು ಇದು. ಎರಡು ಪ್ರಾಂತಗಳ ಮೋಜಣಿದಾರರು ಹಿಡಿದ ಸರಪಳಿಯೇ ಬೇರೆ.

ಮುಂಬಯಿಯದು 33 ಅಡಿ ಸರಪಳಿ. ಅದರ ಒಂದು ಚೌಕವೇ ಗುಂಟೆ, ಅಂದರೆ 1,089 ಚದರಡಿ. ಅಂಥ 40 ಸೇರಿದರೆ ಎಕರೆ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಈ ಪದ್ಧತಿ ಮುಂದೆ ಧಾರವಾಡಕ್ಕೂ 1863ರಿಂದ ಮೈಸೂರಿಗೂ ಬಂತು. ಕ್ರಾಸ್ ಸ್ಟಾಫ್ ನೆಟ್ಟು, ಹೊಲವನ್ನು ತ್ರಿಕೋನಗಳಾಗಿ ಸೀಳಿ ಅಳೆಯುವ ಕ್ರಮ. ರೈತ ಬದುವಿನ ಮೇಲೆ ನಿಂತು ನೋಡಬಹುದಾದ ಲೆಕ್ಕ. ಅದೇನೂ ಸಣ್ಣ ಗುಣವಲ್ಲ. ಆದರೆ ಒಂದು ಹೊಲದ ತಪ್ಪು ಪಕ್ಕದ ಹೊಲಕ್ಕೆ ಜಾರಿದರೆ ಹಿಡಿಯುವುದು ಕಷ್ಟ.

ಮದ್ರಾಸಿನಲ್ಲಿ 66 ಅಡಿಯ, ನೂರು ಕೊಂಡಿಗಳ ಗುಂಟರ್ ಸರಪಳಿ. ಹತ್ತು ಚದರ ಸರಪಳಿಗೆ ಒಂದು ಎಕರೆ, ಅದರ ನೂರನೇ ಪಾಲು ಸೆಂಟ್. ಅಲ್ಲಿ ಥಿಯೊಡೊಲೈಟ್ ಹೊತ್ತು ಮೊದಲು ಊರಿನ ಗಡಿಯನ್ನೇ ಸುತ್ತುತ್ತಿದ್ದರು. ಇದೇ ಟ್ರಾವರ್ಸ್. ಪ್ರತಿ ಗೆರೆಯ ಉದ್ದ ಮತ್ತು ಕೋನದಿಂದ, ಉತ್ತರಕ್ಕೆ ಎಷ್ಟು ಸರಿದೆವು, ಪೂರ್ವಕ್ಕೆ ಎಷ್ಟು ಎಂದು ಲೆಕ್ಕ ಹಾಕುವುದು. ಹೊರಟ ಕಲ್ಲಿಗೇ ಮರಳಿದಾಗ ಎರಡರ ಮೊತ್ತವೂ ಸೊನ್ನೆಯಾಗಬೇಕು.

ಆಗುವುದಿಲ್ಲ! ಕಾದ ಸರಪಳಿ ಹಿಗ್ಗುತ್ತದೆ, ಕಣ್ಣು ತಪ್ಪುತ್ತದೆ. ಆಗ ಉಳಿದ ತಪ್ಪನ್ನು ಹಂಚುವ ಉಪಾಯವನ್ನು 1808ರಲ್ಲಿ ಪ್ರಕಟಿಸಿದವನು, ನೌಕಾಯಾನದ ಗಣಿತದಲ್ಲಿ ಹೆಸರಾದ ಅಮೆರಿಕದ ನಥಾನಿಯಲ್ ಬೌಡಿಚ್. 3,000 ಅಡಿ ಸುತ್ತಿದಾಗ ಉತ್ತರಕ್ಕೆ 3 ಅಡಿ ಕೊರತೆ ಬಂತೆನ್ನಿ; 500 ಅಡಿಯ ಗೆರೆಯ ಪಾಲಿಗೆ ಅರ್ಧ ಅಡಿ. ಉದ್ದಕ್ಕೆ ತಕ್ಕ ಪಾಲು, ಅಷ್ಟೆ.

ಹೀಗೆ ತಿದ್ದಿದ ಮೇಲೆ ಪ್ರತಿ ಮೂಲೆಗೂ ಎರಡು ಅಂಕೆಗಳು ಸಿಗುತ್ತವೆ. ಒಂದು ಮೂಲೆಯ ಪೂರ್ವದ ಅಂಕೆಯನ್ನು ಮುಂದಿನ ಮೂಲೆಯ ಉತ್ತರದ ಅಂಕೆಯಿಂದ ಗುಣಿಸಿ, ಅಡ್ಡ ಗುಣಲಬ್ಧವನ್ನು ಕಳೆದು, ಸುತ್ತೆಲ್ಲ ಕೂಡಿಸಿ ಅರ್ಧ ಮಾಡಿದರೆ ಕ್ಷೇತ್ರಫಲ. ನಡುವೆ ಕೆರೆಯಿರಲಿ, ಗುಡ್ಡವಿರಲಿ, ಒಳಗೆ ಕಾಲಿಡಬೇಕಿಲ್ಲ. ಒಳಗಿನ ಹೊಲಗಳ ಮೊತ್ತ ಇದಕ್ಕೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆಯೆಂದೇ ಅರ್ಥ. ಎಕರೆಯ ಮೇಲೆ ಕಂದಾಯ ಬೀಳುತ್ತಿದ್ದ ಕಾಲದಲ್ಲಿ ಇದು ಬರಿಯ ಗಣಿತವಾಗಿರಲಿಲ್ಲ. ನೆರೆಯಲ್ಲಿ ಗಡಿಕಲ್ಲು ಕೊಚ್ಚಿಹೋದರೂ, ಉಳಿದ ಎರಡು ಕಲ್ಲುಗಳಿಂದ ಅಳೆದು ಅದರ ಜಾಗವನ್ನು ಮತ್ತೆ ಗುರುತಿಸಬಹುದಿತ್ತು.